ಕೀಳರಿಮೆ ಯಾರದು? : ‘ನಾನು’ ಎಂಬುದರ ಚರಿತ್ರೆಯನ್ನು ಕುರಿತು

1

ಎಂ.ಎ. ಓದುವಾಗ ದಲಿತ ಆತ್ಮಕತೆಗಳ ಮೇಲೆ ಒಂದು ಸೆಮಿನಾರ್ ಪ್ರಬಂಧ ಬರೆದಿದ್ದೆ. ಈಚೆಗೆ ಹಳೆಯ ಕಾಗದಗಳ ನಡುವೆ ಅದು ಸಿಕ್ಕಿತು. ‘ಕೀಳರಿಮೆಯ ಅನಾವರಣ’ ಎಂಬ ಮಾತನ್ನು ಅದರಲ್ಲಿ ಹನ್ನೊಂದು ಸಲ ಬಳಸಿದ್ದೇನೆ. ಮೇಷ್ಟ್ರು ಮೆಚ್ಚಿಕೊಂಡಿದ್ದರು. ನಾನೂ ಕೇರಿಯಿಂದ ಬಂದವನೇ. ಆದರೂ ನನ್ನವರ ಬದುಕನ್ನು ವಿವರಿಸಲು ಆ ಮಾತು ನನಗೆ ಅಷ್ಟು ಸಲೀಸಾಗಿ ಒದಗಿತ್ತು ಅನ್ನೋದು ಈಗ ಮುಜುಗರ ಹುಟ್ಟಿಸುತ್ತದೆ.

ಈಗ ನಾನೇ ಪಾಠ ಮಾಡುವವನು. ಕಳೆದ ವರ್ಷ ಬಿ.ಎ. ತರಗತಿಯಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದ ಬಗ್ಗೆ ಮಾತಾಡುತ್ತ, ಅಭ್ಯಾಸಬಲದಿಂದ ಅದೇ ಪದ ಬಳಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಬಾವಿ ಮುಟ್ಟಬೇಡ ಅಂದೋರು ಅವರು. ಕಾಯಿಲೆ ನಮಗೆ ಅಂತ ಯಾಕೆ ಬರೀಬೇಕು?” ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಗಂಟೆ ಹೊಡೆದದ್ದು ನನ್ನನ್ನು ಉಳಿಸಿತು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ‘ನಾನು’ ಎಂಬ ಕಲ್ಪನೆ ಚರಿತ್ರೆಯಲ್ಲಿ ಬೆಳೆದು ಬಂದ ಬಗೆಯನ್ನು ಓದತೊಡಗಿದೆ. ಈ ಬರಹ ಆ ಓದಿನ ಫಲ.

2

‘ನಾನು’ ಅನ್ನೋದು ಎಲ್ಲ ಕಾಲದಲ್ಲೂ ಎಲ್ಲರಿಗೂ ಒಂದೇ ಥರ ಇತ್ತು ಎಂದು ನಾವು ತಿಳಿದಿರುತ್ತೇವೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1938ರ ಉಪನ್ಯಾಸವೊಂದರಲ್ಲಿ ಈ ತಿಳಿವಳಿಕೆಯನ್ನು ಅಲುಗಾಡಿಸಿದ. ಇಂಗ್ಲಿಷಿನ ‘ಪರ್ಸನ್’ ಪದದ ಮೂಲ ಲ್ಯಾಟಿನ್ನಿನ ‘ಪರ್ಸೋನ’. ಅದಕ್ಕೆ ಮುಖವಾಡ ಎಂಬ ಅರ್ಥವಿತ್ತು. ರೋಮಿನ ಕಾನೂನಿನಲ್ಲಿ ಅದು ಹಕ್ಕುಳ್ಳ ವ್ಯಕ್ತಿ ಎಂಬ ಅರ್ಥ ಪಡೆಯಿತು. ಗುಲಾಮನಿಗೆ ಮಾತ್ರ ಆ ‘ಪರ್ಸೋನ’ ಇರಲಿಲ್ಲ. ಉಸಿರಾಡುವ, ದುಡಿಯುವ, ಅಳುವ ಮನುಷ್ಯ ಕಾನೂನಿನ ಕಣ್ಣಿಗೆ ವ್ಯಕ್ತಿಯೇ ಆಗಿರಲಿಲ್ಲ.

ಅದೇ ಉಪನ್ಯಾಸದಲ್ಲಿ ಮೋಸ್ ಭಾರತದ ‘ಅಹಂಕಾರ’ ಎಂಬ ಪರಿಕಲ್ಪನೆಯನ್ನು ಪ್ರಸ್ತಾಪಿಸಿ, ‘ನಾನು’ ಎಂಬ ಅರಿವು ಬಹಳ ಹಿಂದೆಯೇ ಮೂಡಿದ ನಾಡುಗಳಲ್ಲಿ ಇದನ್ನೂ ಸೇರಿಸುತ್ತಾನೆ. ನಮ್ಮ ಪಂಡಿತರಿಗೆ ಹೆಮ್ಮೆಯ ಮಾತೇ. ಆದರೆ ಎಲ್ಲರೊಳಗೂ ಬ್ರಹ್ಮವೇ ಇದೆ ಎಂದ ತತ್ವ ನೀರಿನ ಕೆರೆಯ ಬಳಿ ಏನು ಮಾಡಿತು? ಅಂಬೇಡ್ಕರ್ ಎತ್ತಿದ ಪ್ರಶ್ನೆ ಇದು. ಅವರ ನಿಧನಾನಂತರ 1987ರಲ್ಲಿ ಪ್ರಕಟವಾದ ‘ಹಿಂದೂ ಧರ್ಮದ ಒಗಟುಗಳು’ ಬರಹಗಳಲ್ಲಿ, ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಗಟ್ಟಿಯಾದ ತಳಹದಿ ಸಿಗಲಾರದು ಎಂದು ಒಪ್ಪಿಕೊಂಡು, ಅದು ಸಮಾಜದ ನಡೆಯಲ್ಲಿ ಯಾಕೆ ಇಳಿಯಲಿಲ್ಲ ಎಂದು ಅವರು ಕೇಳುತ್ತಾರೆ.

ಕನ್ನಡದಲ್ಲಿ ಇನ್ನೊಂದು ದಾರಿ ಕಾಣುತ್ತದೆ. ಬಹುಪಾಲು ವಚನಕಾರರ ಅಂಕಿತದಲ್ಲಿ ಇಷ್ಟದೈವದ ಹೆಸರಿದ್ದರೆ, ಅಂಬಿಗರ ಚೌಡಯ್ಯನ ವಚನಗಳ ಕೊನೆಯಲ್ಲಿ ಇರೋದು ಅವನದೇ ಹೆಸರು. ಚೌಡಯ್ಯ ಅಸ್ಪೃಶ್ಯನಲ್ಲ, ದೋಣಿ ನಡೆಸುವವನು. ಆದರೂ ಹನ್ನೆರಡನೇ ಶತಮಾನದಲ್ಲಿ ದುಡಿಯುವವನೊಬ್ಬ ತನ್ನ ಮಾತಿಗೆ ತಾನೇ ಸಾಕ್ಷಿ ಎಂದು ನಿಂತದ್ದನ್ನು ಲಘುವಾಗಿ ಕಾಣಲಾಗದು. ಯೋಚಿಸುವ ‘ನಾನು’ ಇದ್ದೇ ಇದೆ ಎಂದು ಯೂರೋಪಿನಲ್ಲಿ ದೆಕಾರ್ತ್ ಬರೆದದ್ದು 1637ರಲ್ಲಿ. ದೆಕಾರ್ತನ ‘ನಾನು’ ಕೋಣೆಯ ಏಕಾಂತದಲ್ಲಿ ಹುಟ್ಟಿದ್ದು. ಚೌಡಯ್ಯನ ‘ನಾನು’ ಎದುರಿಗಿದ್ದವರೊಡನೆ ಜಗಳವಾಡುತ್ತ ಹುಟ್ಟಿದ್ದು. ಈ ವ್ಯತ್ಯಾಸ ನನಗೆ ಮುಖ್ಯವೆನಿಸುತ್ತದೆ.

3

ಆಧುನಿಕ ಮನಶ್ಶಾಸ್ತ್ರ ಹಿಡಿದದ್ದು ದೆಕಾರ್ತನ ಕೋಣೆಯ ದಾರಿಯನ್ನು. ಜಾನ್ ಲಾಕ್ 1694ರಲ್ಲಿ ತನ್ನ ಪ್ರಬಂಧದ ಎರಡನೇ ಮುದ್ರಣಕ್ಕೆ ಒಂದು ಅಧ್ಯಾಯ ಸೇರಿಸಿದ. ಒಬ್ಬ ವ್ಯಕ್ತಿ ನಿನ್ನೆಯೂ ಇಂದೂ ಅದೇ ವ್ಯಕ್ತಿ ಆಗಿರುವುದು ತನ್ನ ಹಿಂದಿನದನ್ನು ತನ್ನದೇ ಎಂದು ನೆನೆಯಬಲ್ಲ ಅರಿವಿನಿಂದ ಎಂಬುದು ಅವನ ವಾದ. ಆತ್ಮಕತೆ ಎಂಬ ಪ್ರಕಾರದ ಬೇರು ಇಲ್ಲೇ ಇದೆ ಎನ್ನಬಹುದು. ನೆನಪಿದ್ದರೆ ‘ನಾನು’.

ಇದೇ ಲಾಕ್ ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ಹೂಡಿದ್ದ. ಕೆರೊಲಿನಾ ವಸಾಹತಿನ 1669ರ ಸಂವಿಧಾನದ ಕರಡಿನಲ್ಲಿ ಅವನ ಕೈಯಿತ್ತು. ಕರಿಯ ಗುಲಾಮನ ಮೇಲೆ ಒಡೆಯನಿಗೆ ಪೂರ್ಣ ಅಧಿಕಾರವಿದೆ ಎಂದಿತ್ತು ಆ ದಾಖಲೆ. ಹಡಗಿನ ತಳದಲ್ಲಿ ಸರಪಳಿ ಬಿಗಿಸಿಕೊಂಡು ಕೂತವನಿಗೂ ನೆನಪಿತ್ತಲ್ಲ! ಆ ನೆನಪು ಲೆಕ್ಕಕ್ಕೆ ಬರಲಿಲ್ಲ. ಸಿದ್ಧಾಂತ ಎಲ್ಲರದು, ಅನ್ವಯ ಕೆಲವರಿಗೆ. ನಮ್ಮ ಬ್ರಹ್ಮವಾದಕ್ಕೂ ಇದಕ್ಕೂ ಏನು ದೂರ?

4

ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ವಿಲಿಯಂ ಜೇಮ್ಸ್ ಆ ಕೋಣೆಯ ಬಾಗಿಲನ್ನು ಸ್ವಲ್ಪ ತೆರೆದ. 1890ರ ತನ್ನ ಮನಶ್ಶಾಸ್ತ್ರ ಗ್ರಂಥದಲ್ಲಿ, ಮನುಷ್ಯನನ್ನು ಎಷ್ಟು ಜನ ಗುರುತಿಸುತ್ತಾರೋ ಅಷ್ಟು ‘ಸಾಮಾಜಿಕ ನಾನು’ಗಳು ಅವನಿಗಿರುತ್ತವೆ ಎಂಬರ್ಥದ ಮಾತು ಹೇಳಿದ. ಎಲ್ಲರೂ ಒಬ್ಬನನ್ನು ಇಲ್ಲವೆಂಬಂತೆ ನಡೆಸಿಕೊಂಡರೆ ಅದಕ್ಕಿಂತ ಕ್ರೂರ ಶಿಕ್ಷೆಯಿಲ್ಲ ಎಂದೂ ಬರೆದ. ಜೇಮ್ಸನಿಗೆ ಇದು ಊಹೆಯ ಮಾತು. ಹಾರ್ವರ್ಡಿನಲ್ಲಿ ಅವನ ವಿದ್ಯಾರ್ಥಿಯಾಗಿದ್ದ ಕರಿಯ ತರುಣ ಡಬ್ಲ್ಯು.ಇ.ಬಿ. ಡುಬಾಯ್ಸ್‌ಗೆ ಅದು ಅನುಭವ. ಶಾಲೆಯಲ್ಲಿ ಮಕ್ಕಳು ಆಟಕ್ಕೆ ಕಾರ್ಡು ಹಂಚಿಕೊಳ್ಳುವಾಗ ಒಬ್ಬ ಹುಡುಗಿ ತನ್ನ ಕಾರ್ಡನ್ನು ಬೇಡವೆಂದ ಸಂಗತಿಯನ್ನು ಅವರು 1903ರ ಪುಸ್ತಕದಲ್ಲಿ ನೆನೆಯುತ್ತಾರೆ. ತನ್ನನ್ನು ಹೀನಾಯವಾಗಿ ಕಾಣುವವರ ಕಣ್ಣಿನಿಂದಲೇ ತನ್ನನ್ನು ನೋಡಿಕೊಳ್ಳಬೇಕಾದ ಈ ಸ್ಥಿತಿಯನ್ನು ಅವರು ‘ಇಬ್ಬಗೆಯ ಪ್ರಜ್ಞೆ’ ಎಂದು ಕರೆದರು.

ಆ ಪುಸ್ತಕ ಬರುವ ಎರಡು ವರ್ಷ ಮೊದಲು, 1901ರಲ್ಲಿ, ಹತ್ತು ವರ್ಷದ ಭೀಮರಾವ್ ಮಸೂರ್ ರೈಲ್ವೆ ನಿಲ್ದಾಣದಲ್ಲಿ ಇಳಿದ. ಒಳ್ಳೆ ಬಟ್ಟೆ ಹಾಕಿಕೊಂಡಿದ್ದ ಮಕ್ಕಳನ್ನು ಸ್ಟೇಷನ್ ಮಾಸ್ತರು ಅಕ್ಕರೆಯಿಂದ ವಿಚಾರಿಸಿದರು. ಮಹಾರರು ಎಂದು ತಿಳಿದ ಕೂಡಲೇ ಅವರ ಮುಖಭಾವವೇ ಬದಲಾಯಿತು. ‘ವೈಟಿಂಗ್ ಫಾರ್ ಎ ವೀಸಾ’ದಲ್ಲಿ ಅಂಬೇಡ್ಕರ್ ಬರೆಯುವ ಈ ಪ್ರಸಂಗದಲ್ಲಿ ಹುಡುಗ ಬದಲಾಗಿಲ್ಲ, ಬಟ್ಟೆ ಬದಲಾಗಿಲ್ಲ, ಬದಲಾದದ್ದು ನೋಡುವವನು. ಶಾಲೆಯಲ್ಲೂ ಹಾಗೇ: ನೀರು ಕೊಡಬೇಕಾದ ಜವಾನ ಬಂದರೆ ನೀರು, ಬರದಿದ್ದರೆ ಇಲ್ಲ. ಬಾಯಾರಿಕೆ ತೀರುವುದು ಹುಡುಗನ ಆತ್ಮವಿಶ್ವಾಸವನ್ನು ಅವಲಂಬಿಸಿರಲಿಲ್ಲ.

ಮುಂದೆ 1913ರಿಂದ 1916ರವರೆಗೆ ಅಂಬೇಡ್ಕರ್ ಕೊಲಂಬಿಯಾದಲ್ಲಿದ್ದಾಗ ಅವರ ಮೇಲೆ ಗಾಢ ಪ್ರಭಾವ ಬೀರಿದ ಜಾನ್ ಡ್ಯೂಯಿ, ಜೇಮ್ಸನ ವಿಚಾರಪರಂಪರೆಯವನೇ. 1946ರಲ್ಲಿ ಅಂಬೇಡ್ಕರ್ ಡುಬಾಯ್ಸ್‌ಗೆ ಪತ್ರ ಬರೆದು, ಕರಿಯರ ಮತ್ತು ಅಸ್ಪೃಶ್ಯರ ಸ್ಥಿತಿಯ ಹೋಲಿಕೆಯನ್ನು ಪ್ರಸ್ತಾಪಿಸಿದರು. ಡುಬಾಯ್ಸ್ ಉತ್ತರವನ್ನೂ ಬರೆದರು. ಎರಡು ಖಂಡಗಳ ಎರಡು ‘ನಾನು’ಗಳು ಹೀಗೆ ಪರಸ್ಪರ ಗುರುತಿಸಿಕೊಂಡವು.

5

ಇನ್ನು ಕೀಳರಿಮೆಯ ವಿಚಾರ. ಇದು ವಿಯೆನ್ನಾದ ವೈದ್ಯ ಆಲ್‌ಫ್ರೆಡ್ ಆಡ್ಲರ್‌ನಿಂದ ಬಂದ ಪರಿಕಲ್ಪನೆ. 1907ರಲ್ಲಿ ಅವನು ಬರೆದದ್ದು ದೇಹದ ಅಂಗಗಳ ಕೊರತೆಯ ಬಗ್ಗೆ. ಅಂಗ ದುರ್ಬಲವಾಗಿದ್ದರೆ ಮನಸ್ಸು ಅದನ್ನು ಬೇರೆ ರೀತಿಯಲ್ಲಿ ತುಂಬಿಕೊಳ್ಳಲು ಹೆಣಗುತ್ತದೆ ಎಂದು. ಆಮೇಲೆ ಅದು ಮನಸ್ಸಿನ ಕೀಳರಿಮೆಯಾಗಿ ಬೆಳೆಯಿತು. ಒಳಗೇ ಏನೋ ಕಡಿಮೆಯಿದೆ ಎಂಬ ಅರ್ಥ ಆ ಪದದ ಹುಟ್ಟಿನಲ್ಲೇ ಇದೆ. ಅದನ್ನು ತಂದು ಜಾತಿಗೆ ಅಂಟಿಸಿದಾಗ ನಾವು ಏನು ಹೇಳಿದಂತಾಯಿತು?

ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕರಿಯ ಮನಶ್ಶಾಸ್ತ್ರಜ್ಞ ದಂಪತಿ ಮಾಡಿದ ಗೊಂಬೆ ಪ್ರಯೋಗ ಪ್ರಸಿದ್ಧ. 1947ರಲ್ಲಿ ಪ್ರಕಟವಾದ ವರದಿಯಲ್ಲಿ ಮೂರರಿಂದ ಏಳು ವರ್ಷದ 253 ಕರಿಯ ಮಕ್ಕಳಿದ್ದಾರೆ. ಬಿಳಿ ಗೊಂಬೆ, ಕಂದು ಗೊಂಬೆ ಮುಂದಿಟ್ಟು ಕೇಳಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಆಡಲು ಬಿಳಿ ಗೊಂಬೆಯನ್ನೇ ಆರಿಸಿದವು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಶಾಲೆಗಳಲ್ಲಿನ ಪ್ರತ್ಯೇಕತೆಯನ್ನು ರದ್ದು ಮಾಡಿದ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕರ ಕೆಲಸವೂ ಸೇರಿತು. ಅದರ ಉಪಕಾರ ದೊಡ್ಡದು. ಆದರೆ ಆ 253ರಲ್ಲಿ ಒಂದೂ ಬಿಳಿ ಮಗು ಇರಲಿಲ್ಲ. ನ್ಯಾಯ ಪಡೆಯಲು ಕರಿಯ ಮಗು ತನ್ನ ಮನಸ್ಸು ಕೆಟ್ಟಿದೆ ಎಂದು ರುಜುವಾತು ಮಾಡಬೇಕಾಯಿತು.

ನೋಟವನ್ನು ತಿರುಗಿಸಲು ಸಾಧ್ಯವೇ ಇರಲಿಲ್ಲ ಎಂದಲ್ಲ. ಹಿಟ್ಲರನ ಅನುಭವದ ನಂತರ 1950ರಲ್ಲಿ ಅಡಾರ್ನೊ ಮತ್ತು ಸಂಗಡಿಗರು ದ್ವೇಷಿಸುವವನ ಮನಸ್ಸನ್ನೇ ಅಧ್ಯಯನ ಮಾಡಿದರು. ಅದೇ ವರ್ಷ ಮನೋನಿ ಎಂಬ ಫ್ರೆಂಚ್ ಲೇಖಕ ಮಡಗಾಸ್ಕರಿನ ಜನರಲ್ಲಿ ಪರಾವಲಂಬನೆಯ ಮನೋಗ್ರಂಥಿ ವಸಾಹತು ಬರುವ ಮೊದಲೇ ಇತ್ತೆಂದು ವಾದಿಸಿದ. 1952ರಲ್ಲಿ ಫ್ರಾಂಜ್ ಫ್ಯಾನನ್ ಇದನ್ನು ಕಟುವಾಗಿ ಎದುರಿಸಿದ. ಸ್ವತಃ ಮನೋವೈದ್ಯನಾಗಿದ್ದ ಫ್ಯಾನನ್, ಕೀಳೆಂಬ ಭಾವನೆಯನ್ನು ಹುಟ್ಟಿಸುವವನು ಜನಾಂಗದ್ವೇಷಿಯೇ, ಅದರ ಬುಡ ಆರ್ಥಿಕ ವ್ಯವಸ್ಥೆಯಲ್ಲಿದೆ ಎಂದ. 1956ರಲ್ಲಿ ಅಲ್ಜೀರಿಯದ ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟ.

ಇವರೆಲ್ಲರಿಗಿಂತ ಮೊದಲೇ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು ಎಂಬುದು ನನಗೆ ತಡವಾಗಿ ಹೊಳೆಯಿತು. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರನ್ನು ದಲಿತರು ಮುಟ್ಟಿದಾಗ ಸವರ್ಣೀಯರು ಸಗಣಿ, ಗಂಜಳ ಸುರಿದು ಆ ಕೆರೆಯನ್ನು ‘ಶುದ್ಧ’ ಮಾಡಿದರು. ಸಗಣಿಯಿಂದ ಶುದ್ಧವಾಗುವ ನೀರು ಮನುಷ್ಯನಿಂದ ಮೈಲಿಗೆಯಾಗುತ್ತದೆ ಎಂದು ನಂಬುವ ಮನಸ್ಸಿಗೆ ಯಾವ ಹೆಸರಿಡೋಣ? ‘ಜಾತಿ ವಿನಾಶ’ದಲ್ಲಿ (1936) ಅಂಬೇಡ್ಕರ್ ಜಾತಿಯನ್ನು ಇಟ್ಟಿಗೆ ಗೋಡೆಯಂಥ ವಸ್ತುವಲ್ಲ, ಮನಸ್ಸಿನ ಒಂದು ಸ್ಥಿತಿ ಎಂದರು. ಯಾರ ಮನಸ್ಸು? 1937ರ ಎರಡನೇ ಮುದ್ರಣದ ಮುನ್ನುಡಿಯಲ್ಲಿ ಅದನ್ನೂ ಬಿಡಿಸಿ ಹೇಳಿದರು: ರೋಗಿಗಳು ಹಿಂದೂಗಳು, ಅವರ ರೋಗ ಉಳಿದ ಭಾರತೀಯರ ಆರೋಗ್ಯಕ್ಕೂ ಅಪಾಯ. ನಾನು ಓದಿದ, ಪಾಠ ಮಾಡಿದ ಮನಶ್ಶಾಸ್ತ್ರದ ಪಠ್ಯಗಳಲ್ಲಿ ಈ ಮಾತು ಒಮ್ಮೆಯೂ ಕಣ್ಣಿಗೆ ಬಿದ್ದಿಲ್ಲ.

6

ಹಾಗಂತ ಗಾಯವೇ ಇಲ್ಲ ಎಂದು ಹೇಳುವ ಪೊಗರು ನನಗೆ ಬೇಡ. ಕೆಲಸ ಸಿಕ್ಕ ಹೊಸದರಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮನೆಯಾಕೆ ಕಾಫಿ ಕೊಟ್ಟು, “ನೀವು ಯಾವ ಪೈಕಿ?” ಅಂದರು. ದಿನಕ್ಕೆ ನಾಲ್ಕು ಗಂಟೆ ಪಾಠ ಹೇಳುವ ನನ್ನ ನಾಲಗೆ ಒಣಗಿತು. ಆ ತಡವರಿಕೆ ನಿಜ. ಆದರೆ ಅದು ನನ್ನೊಳಗೆ ಮೊದಲೇ ಕೂತಿತ್ತೋ, ಆ ಪ್ರಶ್ನೆ ತಂದು ಕೂರಿಸಿತೋ? ನನ್ನ ಸೆಮಿನಾರ್ ಪ್ರಬಂಧ ತಡವರಿಕೆಯನ್ನು ಮಾತ್ರ ಬರೆದು ಪ್ರಶ್ನೆಯನ್ನು ಬಿಟ್ಟುಬಿಟ್ಟಿತ್ತು.

ಇದು ವಿಮರ್ಶೆಯೊಳಗಿನ ಜಗಳವಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲ ತೀರಿಕೊಂಡ ಮೇಲೆ ನಾನು ಕೇಳಿದ ಸಲಹೆಗಳಲ್ಲಿ ‘ಇಂಥ ಹುಡುಗರಿಗೆ ಕೌನ್ಸೆಲಿಂಗ್ ಕೊಡಿಸಬೇಕು’ ಅನ್ನೋದೂ ಒಂದು. ಕೊಡಿಸಲಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಒಂಬತ್ತು ವರ್ಷ ಮೊದಲೇ, 2007ರಲ್ಲಿ, ದೆಹಲಿಯ ಏಮ್ಸ್ ಬಗ್ಗೆ ಸುಖದೇವ್ ಥೋರಟ್ ಸಮಿತಿ ವರದಿ ಕೊಟ್ಟಿತ್ತು. ಆ ಸಮಿತಿ ವಿದ್ಯಾರ್ಥಿಗಳ ಮನಸ್ಸಿನ ಕೊರತೆಯನ್ನು ಅಳೆಯಲು ಹೋಗಲಿಲ್ಲ. ಹಾಸ್ಟೆಲ್ಲಿನಲ್ಲಿ ಯಾರು ಎಲ್ಲಿ ಒಟ್ಟುಗೂಡಬೇಕಾಯಿತು, ಮೇಷ್ಟ್ರುಗಳು ಹೇಗೆ ನಡೆದುಕೊಂಡರು, ಪರೀಕ್ಷೆಯಲ್ಲಿ ಏನಾಯಿತು ಎಂದು ಕೇಳಿತು. ಪ್ರಶ್ನೆ ಕೇಳುವ ಸರಿಯಾದ ಜಾಗ ಇದು.

ನಮ್ಮ ಆತ್ಮಕತೆಗಳೂ ಇದನ್ನೇ ಮಾಡಿವೆ, ನಾನು ಓದಿದ್ದು ತಪ್ಪು. ಸಿದ್ಧಲಿಂಗಯ್ಯನವರ ‘ಊರುಕೇರಿ’ ನಗಿಸುತ್ತದೆ. ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಹೆಸರೇ ಒಂದು ಕುಟುಕು. ತನ್ನನ್ನು ಆಡಿಕೊಂಡವರ ಮಾತನ್ನೇ ಕಿತ್ತುಕೊಂಡು ಪುಸ್ತಕದ ನೆತ್ತಿಯ ಮೇಲೆ ಇಟ್ಟುಕೊಂಡವನನ್ನು ಕೀಳರಿಮೆಯ ರೋಗಿ ಎಂದು ಬರೆದೆನಲ್ಲ! ಈ ಪುಸ್ತಕಗಳಲ್ಲಿ ‘ನಾನು’ ತನ್ನ ಗಾಯ ತೋರಿಸುತ್ತಲೇ, ಕಣ್ಣೆತ್ತಿ ತನ್ನನ್ನು ನೋಡುತ್ತಿದ್ದವರ ಮುಖವನ್ನೂ ದಾಖಲಿಸುತ್ತದೆ. ದಲಿತ ವಿಮರ್ಶೆ ಆ ಎರಡನೆಯ ಕೆಲಸವನ್ನು ಓದುವುದು ಕಲಿಯಬೇಕು. ಎರವಲು ತಂದ ಮನಶ್ಶಾಸ್ತ್ರದ ಪದಗಳನ್ನು ಬಳಸುವ ಮುನ್ನ ಅವು ಯಾರ ಕಡೆಗೆ ಬೊಟ್ಟು ಮಾಡುತ್ತವೆ ಎಂದು ನೋಡಬೇಕು.

ಮರುವಾರ ಅದೇ ತರಗತಿಗೆ ಹೋಗಿ, “ಅವತ್ತು ನೀನು ಕೇಳಿದ್ದು ಸರಿ ಕಣಮ್ಮ, ನಾನು ಹೇಳಿದ್ದು ತಪ್ಪು” ಅಂದೆ. ಅವಳು, “ಹಂಗಾದ್ರೆ ಪರೀಕ್ಷೇಲಿ ಏನಂತ ಬರೀಲಿ ಸಾರ್?” ಅಂದಳು. ಈ ಲೇಖನದ ಪ್ರತಿಯನ್ನು ಅವಳಿಗೆ ಕೊಡಬೇಕೆಂದಿದ್ದೇನೆ. ಉತ್ತರ ಪತ್ರಿಕೆ ತಿದ್ದುವವರಿಗೂ ಒಂದು ಪ್ರತಿ ತಲುಪಿದರೆ ಒಳ್ಳೆಯದು.