ಎಣಿಕೆಯ ಪುಸ್ತಕದಲ್ಲಿ ನಮ್ಮ ಮಕ್ಕಳು: ಶೇ. 4ರ ಮೀಸಲಾತಿಯ ಹಿಂದಿನ ಒಂದು ಶತಮಾನ

2023ರ ಮಾರ್ಚ್ 24, ಶುಕ್ರವಾರ. ಹುಬ್ಬಳ್ಳಿಯಲ್ಲಿ ಅಂದು ರಮಜಾನಿನ ಮೊದಲ ಉಪವಾಸ. ದುರ್ಗದಬೈಲಿನಲ್ಲಿ ಇಫ್ತಾರಿಗಾಗಿ ಖರ್ಜೂರ, ಕಲ್ಲಂಗಡಿ ಕೊಳ್ಳುವವರ ನೂಕುನುಗ್ಗಲು. ಅದೇ ದಿನ ಬೆಂಗಳೂರಿನಲ್ಲಿ ಸೇರಿದ ರಾಜ್ಯ ಸಚಿವ ಸಂಪುಟವು ಮುಸ್ಲಿಮರಿಗೆ ಪ್ರವರ್ಗ 2ಬಿ ಅಡಿಯಲ್ಲಿದ್ದ ಶೇ. 4ರ ಮೀಸಲಾತಿಯನ್ನು ತೆಗೆದುಹಾಕಿ, ಅದನ್ನು ಎರಡು ಸಮಪಾಲು ಮಾಡಿ, ಒಕ್ಕಲಿಗರ 2ಸಿ ಮತ್ತು ಲಿಂಗಾಯತರ 2ಡಿ ಪ್ರವರ್ಗಗಳಿಗೆ ಹಂಚಲು ತೀರ್ಮಾನಿಸಿತು. ತರಾವೀಹ್ ಮುಗಿಸಿ ಹೊರಬಂದಾಗ ಹಣ್ಣಿನ ಗಾಡಿಯ ಒಬ್ಬ ಸಹೋದರರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗಳು ಆ ವರ್ಷ ಪಿಯುಸಿ ಎರಡನೆಯ ವರ್ಷದ ಪರೀಕ್ಷೆ ಬರೆಯುತ್ತಿದ್ದಳು.

“ಹಜರತ್, ನಮ್ಮ ಟು-ಬಿ ಹೋತಂತಲ್ರಿ. ಕಸಗೊಂಡವರು ಯಾರು ಅಂತ ಗೊತ್ತಾತು. ಆದ್ರ ಅದನ್ನ ನಮಗ ಮೊದಲ ಕೊಟ್ಟವರು ಯಾರ್ರಿ?”

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಯಾರೋ ಮುಖ್ಯಮಂತ್ರಿಯ ಹೆಸರು ಹೇಳಿ ಮನೆಯ ಕಡೆ ನಡೆದೆ. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ನಮ್ಮ ವಿರುದ್ಧ ಮಾತನಾಡುವವರು ಇದನ್ನು ಮತದ ಆಸೆಗೆ ಕೊಟ್ಟ ಉಡುಗೊರೆ ಎನ್ನುತ್ತಾರೆ. ನಮ್ಮವರಲ್ಲಿ ಅನೇಕರೂ ಯಾವುದೋ ಪಕ್ಷದ ಉಪಕಾರವೆಂದೇ ಭಾವಿಸಿದ್ದಾರೆ. ಇಬ್ಬರ ಮಾತಿನಲ್ಲಿಯೂ ಒಂದೇ ತಪ್ಪಿದೆ. ಈ ಮೀಸಲಾತಿ ಹುಟ್ಟಿದ್ದು ಎಣಿಕೆಯಿಂದ.

ಎಣಿಕೆ ಇಸ್ಲಾಮಿನ ಇತಿಹಾಸಕ್ಕೆ ಹೊಸದಲ್ಲ. ಇಸ್ಲಾಮ್ ಸ್ವೀಕರಿಸಿದವರ ಹೆಸರುಗಳನ್ನು ಬರೆದುಕೊಡಿರೆಂದು ಪ್ರವಾದಿ ಮುಹಮ್ಮದ್(ಸ) ಮದೀನಾದಲ್ಲಿ ಆಜ್ಞಾಪಿಸಿದ್ದನ್ನೂ, ಆಗ 1500 ಪುರುಷರ ಹೆಸರು ದಾಖಲಾದುದನ್ನೂ ಹುದೈಫಾ(ರ) ಅವರ ವರದಿಯಾಗಿ ಸಹೀಹ್ ಬುಖಾರಿಯಲ್ಲಿ ಕಾಣುತ್ತೇವೆ. ಖಲೀಫಾ ಉಮರ್(ರ) ಅವರು ‘ದೀವಾನ್’ ಎಂಬ ದಫ್ತರವನ್ನು ಸ್ಥಾಪಿಸಿ, ಜನರ ಹೆಸರುಗಳನ್ನು ಗೋತ್ರವಾರು ಬರೆಯಿಸಿ, ಅದರ ಆಧಾರದ ಮೇಲೆ ಬೈತುಲ್ ಮಾಲ್‌ನಿಂದ ವೃತ್ತಿವೇತನ ಹಂಚಿದರು. ಹೆಸರು ಬರೆಯದೆ ಹಕ್ಕು ಹಂಚಲಾಗದೆಂಬುದನ್ನು ಆ ನ್ಯಾಯವಂತ ಖಲೀಫಾ ಅರಿತಿದ್ದರು.

ಈಗ ನಮ್ಮ ನಾಡಿಗೆ ಬರೋಣ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಸರ್ಕಾರಿ ನೌಕರಿಗಳಲ್ಲಿ ಒಂದೇ ಸಮುದಾಯದವರು ತುಂಬಿರುವುದನ್ನು ಸರಿಪಡಿಸುವುದು ಹೇಗೆಂಬುದು ಅದರ ಮುಂದಿದ್ದ ಪ್ರಶ್ನೆ. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅವರು ಅಧಿಕಾರ ಬಿಟ್ಟುದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣವೆಂಬುದು ಪ್ರಸಿದ್ಧ. ಸಮಿತಿಯಲ್ಲಿ ಗುಲಾಮ್ ಅಹ್ಮದ್ ಕಲಾಮಿ ಎಂಬ ಮುಸ್ಲಿಮ್ ಸದಸ್ಯರೂ ಇದ್ದರು. 1919ರ ವರದಿಯು ಬ್ರಾಹ್ಮಣೇತರ ಹಿಂದೂ ಸಮುದಾಯಗಳ ಸಾಲಿನಲ್ಲಿಯೇ ಮುಸ್ಲಿಮರನ್ನೂ ಹಿಂದುಳಿದವರೆಂದು ಗುರುತಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡರಷ್ಟು ಹಿಂದುಳಿದವರಿಗೆ ಸಿಗಬೇಕೆಂದು ಶಿಫಾರಸು ಮಾಡಿತು. 1921ರಲ್ಲಿ ಸರ್ಕಾರ ಇದನ್ನು ಆದೇಶವಾಗಿ ಒಪ್ಪಿತು. ಅಂದು ಮತದಾನದ ರಾಜಕೀಯವಿರಲಿಲ್ಲ, ಓಲೈಸಬೇಕಾದ ಮತಪೆಟ್ಟಿಗೆಯೂ ಇರಲಿಲ್ಲ. ಆದೇಶವಿತ್ತವರು ಓರ್ವ ಹಿಂದೂ ಮಹಾರಾಜರು.

ಹುಬ್ಬಳ್ಳಿ ಆಗ ಮೈಸೂರಿಗೆ ಸೇರಿರಲಿಲ್ಲ. ನಾವು ಮುಂಬಯಿ ಪ್ರಾಂತ್ಯದ ಪ್ರಜೆಗಳು. ಇಲ್ಲಿಯ ಕಥೆ ಬೇರೆ. 1882ರಲ್ಲಿ ನೇಮಕವಾದ ಹಂಟರ್ ಶಿಕ್ಷಣ ಆಯೋಗವು ಮುಸ್ಲಿಮರ ಶಿಕ್ಷಣಕ್ಕೆಂದೇ 17 ಶಿಫಾರಸುಗಳನ್ನು ಮಾಡಿತು. ಮುಸ್ಲಿಮ್ ಶಿಕ್ಷಕರ ತರಬೇತಿ, ಮುಸ್ಲಿಮ್ ಇನ್‌ಸ್ಪೆಕ್ಟರುಗಳ ನೇಮಕ, ವಿದ್ಯಾರ್ಥಿವೇತನ, ಜನ ಬೇರೆ ಭಾಷೆ ಬಯಸದ ಕಡೆ ಹಿಂದೂಸ್ತಾನಿ ಮಾಧ್ಯಮ, ಇವು ಅದರ ಮುಖ್ಯ ಅಂಶಗಳು. ಅದಕ್ಕೂ ಮೊದಲೇ ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಅವರ ತತ್ವಪದಗಳ ಬಗ್ಗೆ ನಮ್ಮ ಉಲಮಾಗಳಿಗೆ ಭಿನ್ನಾಭಿಪ್ರಾಯವಿರಬಹುದು. ಅದು ಇಲ್ಲಿಯ ವಿಷಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಮುಸ್ಲಿಮನೊಬ್ಬ ಕನ್ನಡದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದನೆಂಬುದಷ್ಟೇ ನನ್ನ ಮಾತು. ಮೀಸಲಾತಿ ತೆಗೆದ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ಪ್ರತಿನಿಧಿಸುತ್ತಿದ್ದುದೂ ಶಿಗ್ಗಾವಿ ಕ್ಷೇತ್ರವನ್ನೇ.

1956ರಲ್ಲಿ ಕರ್ನಾಟಕ ಒಂದಾಯಿತು. ಮೈಸೂರಿನ ಲೆಕ್ಕ, ಮುಂಬಯಿಯ ಲೆಕ್ಕ, ಹೈದರಾಬಾದಿನ ಲೆಕ್ಕಗಳನ್ನು ಒಂದೇ ಪುಸ್ತಕಕ್ಕೆ ತರಬೇಕಾಯಿತು. 1960ರಲ್ಲಿ ನೇಮಕವಾದ ನಾಗನಗೌಡ ಸಮಿತಿ ಒಂದು ಸರಳ ಅಳತೆಗೋಲನ್ನು ಹಿಡಿಯಿತು: ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಕ್ಕಳು ಓದುತ್ತಿದ್ದಾರೆ? ರಾಜ್ಯದ ಸರಾಸರಿ ಸಾವಿರಕ್ಕೆ 6.9. ಸಾವಿರ ಜನರಲ್ಲಿ ಏಳು ಮಕ್ಕಳೂ ಹೈಸ್ಕೂಲಿನ ಆ ಮೆಟ್ಟಿಲಿನಲ್ಲಿ ಇರಲಿಲ್ಲವೆಂದರೆ ಅಂದಿನ ನಾಡಿನ ಸ್ಥಿತಿ ಊಹಿಸಿಕೊಳ್ಳಿ. ಇದರ ಜೊತೆಗೆ ಸಾಮಾಜಿಕ ಸ್ಥಿತಿಯನ್ನೂ ತೂಗಿ ನೋಡಿದ ಸಮಿತಿಯ ಬಹುಮತವು ಮುಸ್ಲಿಮ್ ಸಮುದಾಯವನ್ನು ಒಟ್ಟಾಗಿ ಹಿಂದುಳಿದದ್ದೆಂದು ಪರಿಗಣಿಸಿತು. 1962ರಲ್ಲಿ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂದಿನ ಶೇ. 68ರ ಮೀಸಲಾತಿ ಆದೇಶವನ್ನು ರದ್ದುಗೊಳಿಸಿತು. ಮೀಸಲಾತಿ ಸಾಮಾನ್ಯವಾಗಿ ಶೇ. 50ನ್ನು ಮೀರಬಾರದು, ಜಾತಿಯೊಂದೇ ಹಿಂದುಳಿದಿರುವಿಕೆಯ ಅಳತೆಯಾಗಬಾರದು ಎಂದಿತು. ಅಂದಿನಿಂದ ನಾಡಿನ ಎಲ್ಲ ಸಮುದಾಯಗಳ ಜಗಳ ಆ ಐವತ್ತರೊಳಗಿನ ಜಾಗಕ್ಕಾಗಿ.

ಮುಂದಿನ ಘಟ್ಟ ನಮ್ಮ ಭಾಗದವರದೇ. ರಾಣೆಬೆನ್ನೂರಿನ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ 1972ರಲ್ಲಿ ರಚನೆಯಾದ ಮೊದಲ ಹಿಂದುಳಿದ ವರ್ಗಗಳ ಆಯೋಗವು 1975ರಲ್ಲಿ ವರದಿಯೊಪ್ಪಿಸಿತು. ಆ ವರದಿ ಮುಸ್ಲಿಮರನ್ನು ಹಿಂದುಳಿದ ವರ್ಗಗಳ ಪಟ್ಟಿಗೆ ಸೇರಿಸಲಿಲ್ಲ. ಧಾರ್ಮಿಕ ಅಲ್ಪಸಂಖ್ಯಾತರ ವಿಷಯವೇ ಬೇರೆ ಎಂಬುದು ಅದರ ನಿಲುವು. ಇದನ್ನು ನಮ್ಮವರು ಹೇಳುವುದಿಲ್ಲ; ಹೇಳಬೇಕು. ನಮಗೆ ಅನುಕೂಲವಾದ ವರದಿಗಳನ್ನಷ್ಟೇ ಎತ್ತಿ ತೋರಿಸಿದರೆ ಅದು ವಕೀಲಿಯಾಗುತ್ತದೆ, ಇತಿಹಾಸವಾಗುವುದಿಲ್ಲ. 1977ರಲ್ಲಿ ದೇವರಾಜ ಅರಸು ಸರ್ಕಾರ ಆದೇಶ ಹೊರಡಿಸುವಾಗ ಮುಸ್ಲಿಮರನ್ನು ಪಟ್ಟಿಗೆ ಸೇರಿಸಿತು. ಮತ್ತೆ ನ್ಯಾಯಾಲಯ, ಮತ್ತೆ ಆಯೋಗ. 1990ರಲ್ಲಿ ನಿವೃತ್ತ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರು ಹೊಸದಾಗಿ ಲೆಕ್ಕ ನೋಡಿ ಮುಸ್ಲಿಮರು ಹಿಂದುಳಿದವರೇ ಹೌದೆಂದರು. 1994ರಲ್ಲಿ ವೀರಪ್ಪ ಮೊಯ್ಲಿ ಸರ್ಕಾರ 2ಬಿ ಪ್ರವರ್ಗವನ್ನು ರೂಪಿಸಿತು. 1995ರ ಫೆಬ್ರವರಿಯಲ್ಲಿ ದೇವೇಗೌಡರ ಸರ್ಕಾರ ಅದನ್ನು ಶೇ. 4ಕ್ಕೆ ನಿಗದಿಗೊಳಿಸಿತು.

ಹಣ್ಣಿನ ಗಾಡಿಯ ಸಹೋದರರ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಾಂಗ್ರೆಸ್, ಜನತಾ ದಳ, ಮಹಾರಾಜರು ಎಲ್ಲರೂ ಸಹಿ ಹಾಕಿದವರು. ಸಹಿ ಹಾಕುವ ಮುನ್ನ ಯಾರೋ ಶಾಲೆಯ ಹಾಜರಿ ಪುಸ್ತಕವನ್ನು ಎಣಿಸಿದ್ದರು. 2023ರ ತೀರ್ಮಾನದಲ್ಲಿ ನನಗೆ ಕಂಡ ದೊಡ್ಡ ಕೊರತೆಯೂ ಇದೇ. ಮುಸ್ಲಿಮರು ಮುಂದುವರಿದಿದ್ದಾರೆಂದು ತೋರಿಸುವ ಹೊಸ ಲೆಕ್ಕವನ್ನು ಜನರ ಮುಂದಿಡದೆಯೇ ಪಟ್ಟಿಯಿಂದ ಹೆಸರು ತೆಗೆಯಲಾಯಿತು. ಆರ್ಥಿಕವಾಗಿ ದುರ್ಬಲರಾದವರ ಶೇ. 10ರಲ್ಲಿ ಸ್ಪರ್ಧಿಸಿರಿ ಎಂದರು. ಅಲ್ಲಿ ನಮ್ಮ ಮಗಳು, ತಲೆಮಾರುಗಳಿಂದ ಓದು ಬರಹ ಕಂಡ ಮನೆಗಳ ಬಡ ಮಕ್ಕಳೊಡನೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಬಡತನ ಇಬ್ಬರಿಗೂ ಇದೆ; ಆದರೆ ಪುಸ್ತಕವಿರುವ ಮನೆಯ ಬಡತನ ಬೇರೆ, ಪುಸ್ತಕವಿಲ್ಲದ ಮನೆಯ ಬಡತನ ಬೇರೆ. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಈ ತೀರ್ಮಾನದ ತಳಹದಿ ಮೇಲ್ನೋಟಕ್ಕೇ ಅಲುಗಾಡುವಂತಿದೆಯೆಂಬ ಅಭಿಪ್ರಾಯ ವ್ಯಕ್ತಪಡಿಸಿತು. ಆದೇಶವನ್ನು ಸದ್ಯ ಜಾರಿಗೊಳಿಸುವುದಿಲ್ಲವೆಂದು ಸರ್ಕಾರ ಮಾತುಕೊಟ್ಟಿತು. ಹಳೆಯ ಶೇ. 4 ಮುಂದುವರಿಯಿತು.

ನಮ್ಮ ಕಡೆಯ ತಪ್ಪುಗಳನ್ನೂ ನೋಡಬೇಕು. 2001ರ ಜನಗಣತಿಯಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇ. 70.1, ರಾಜ್ಯದ ಸರಾಸರಿ ಶೇ. 66.6. ಅಂದರೆ ಅಕ್ಷರ ಕಲಿಯುವುದರಲ್ಲಿ ನಾವು ಹಿಂದಿರಲಿಲ್ಲ. ನಮ್ಮಲ್ಲಿ ಬಹುಪಾಲು ಜನ ಪಟ್ಟಣವಾಸಿಗಳಾಗಿರುವುದು ಇದಕ್ಕೊಂದು ಕಾರಣ. ಹಾಗಾದರೆ ಮಕ್ಕಳು ಕಳೆದುಹೋಗುವುದು ಎಲ್ಲಿ? 2006ರ ಸಾಚಾರ್ ವರದಿಯ ಪ್ರಕಾರ ದೇಶದಲ್ಲಿ 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವೀಧರರು ಶೇ. 4ಕ್ಕಿಂತ ಕಡಿಮೆ. ಓದಲು ಬರೆಯಲು ಕಲಿತ ಮೇಲೆ ನಮ್ಮ ಹುಡುಗ ಗ್ಯಾರೇಜಿಗೋ, ಶಾ ಬಜಾರಿನ ಅಂಗಡಿಗೋ ಹೋಗುತ್ತಾನೆ. ಸೀಟು ಮೀಸಲಿದ್ದರೂ ಆ ಸೀಟಿನವರೆಗೆ ನಡೆದುಬರುವ ಮಗು ಬೇಕಲ್ಲವೇ? ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಅಕ್ಷರಸ್ಥರಾದವರು ಮದೀನಾದ ಹತ್ತು ಮಕ್ಕಳಿಗೆ ಬರೆಯಲು ಕಲಿಸಿದರೆ ಅದೇ ಅವರ ಬಿಡುಗಡೆಯ ಹಣವೆಂದು ಪ್ರವಾದಿ(ಸ) ನಿಶ್ಚಯಿಸಿದ್ದನ್ನು ನಾವು ವೇದಿಕೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಹದಿನೈದು ವರ್ಷದ ಮಗನ ದಿನಗೂಲಿಗಾಗಿ ಅವನ ಓದನ್ನು ಮಾರುವಾಗ ಮಾತ್ರ ಅದು ನೆನಪಾಗುವುದಿಲ್ಲ.

2025ರ ಮಾರ್ಚಿನಲ್ಲಿ ಸರ್ಕಾರಿ ಗುತ್ತಿಗೆಗಳಲ್ಲಿ 2ಬಿಗೆ ಶೇ. 4 ಕೊಡುವ ಮಸೂದೆ ಗದ್ದಲದ ನಡುವೆ ಅಂಗೀಕಾರವಾಯಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಒಪ್ಪಿಗೆಗೆ ಕಾಯ್ದಿರಿಸಿದರು. ಅದಕ್ಕಾಗಿ ನಮ್ಮವರು ತೋರಿದ ಉತ್ಸಾಹ ನನಗೆ ಅರ್ಥವಾಗಲಿಲ್ಲ. ಗುತ್ತಿಗೆಯಿಂದ ಹತ್ತು ಗುತ್ತಿಗೆದಾರರು ಬೆಳೆಯಬಹುದು.

ಇನ್ನೊಂದು ವಿಷಯವನ್ನು ನಾವು ಬಾಯಿಬಿಟ್ಟು ಆಡುವುದಿಲ್ಲ. ಕರ್ನಾಟಕದಲ್ಲಿ ಮುಸ್ಲಿಮರಿಗೆ 2ಬಿ ಮಾತ್ರವಲ್ಲ, ಪ್ರವರ್ಗ 1ರಲ್ಲಿಯೂ 2ಎಯಲ್ಲಿಯೂ ಸ್ಥಾನವಿದೆ. ನದಾಫ, ಪಿಂಜಾರ, ಛಪ್ಪರಬಂದ, ದರ್ವೇಶ, ನಾಲಬಂದ, ಕಸಾಬ ಮೊದಲಾದವರು ಪ್ರವರ್ಗ 1ರಲ್ಲಿದ್ದಾರೆ. ಇಸ್ಲಾಮಿನಲ್ಲಿ ಜಾತಿಯಿಲ್ಲ, ಈ ಹೆಸರುಗಳನ್ನು ಬರೆಸುವುದೇ ತಪ್ಪು ಎಂಬ ವಾದ ನಮ್ಮಲ್ಲಿದೆ. ಜಾತಿಯ ಮೇಲರಿಮೆ ಇಸ್ಲಾಮಿನಲ್ಲಿ ಇಲ್ಲವೆಂಬುದು ಸತ್ಯ. ಆದರೆ ಸೂರಾ ಹುಜುರಾತ್‌ನ ಹದಿಮೂರನೆಯ ವಚನವು ಕುಲ ಗೋತ್ರಗಳನ್ನು ಪರಸ್ಪರ ಗುರುತಿಸಿಕೊಳ್ಳಲೆಂದು ಇರಿಸಲಾಗಿದೆಯೆಂದೇ ತಿಳಿಸುತ್ತದೆ. ಹತ್ತಿ ಹಿಂಜುವವನ ಮಗನಿಗೆ ಹೆಣ್ಣು ಕೊಡಲು ಹಿಂದೇಟು ಹಾಕುವ ಮನೆಯವರೇ, ಸಮೀಕ್ಷೆಯ ದಿನ ನಮ್ಮಲ್ಲಿ ಭೇದವಿಲ್ಲವೆನ್ನುವುದನ್ನು ನಾನು ಕಂಡಿದ್ದೇನೆ. ನಿಕಾಹ್‌ನಲ್ಲಿ ನೆನಪಾಗುವ ಕುಲವನ್ನು ಅರ್ಜಿಯಲ್ಲಿ ಮರೆಸಿದರೆ ನಷ್ಟ ಯಾರಿಗೆ? ಆ ಪಿಂಜಾರನ ಮಗನಿಗೆ.

2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮತ್ತೊಮ್ಮೆ ಆರಂಭವಾಯಿತು. 2015ರ ಸಮೀಕ್ಷೆಯ ಲೆಕ್ಕ ಹಳತಾಯಿತೆಂದು ಸರ್ಕಾರ ಹೊಸ ಎಣಿಕೆಗೆ ಇಳಿದಿತ್ತು. ಮನೆ ಮನೆಗೆ ಬಂದವರು ಶಾಲಾ ಶಿಕ್ಷಕರು, ಕೈಯಲ್ಲಿ ಮೊಬೈಲು, ಅರವತ್ತು ಪ್ರಶ್ನೆಗಳು. ದುರ್ಗದಬೈಲಿನ ಹಿಂದಿನ ಓಣಿಯೊಂದರಲ್ಲಿ ಪರಿಚಿತರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಓರ್ವ ಶಿಕ್ಷಕಿ ಬಂದರು. ಜಾತಿಯ ಕಾಲಮ್ಮಿಗೆ ಬಂದಾಗ ಮನೆಯ ಯಜಮಾನರು, “ಮುಸ್ಲಿಮ್ ಅಂತ ಬರ್ಕೊಳ್ರಿ ಟೀಚರ್, ಸಾಕು” ಎಂದರು. ಉಪಜಾತಿ ಏನಾದರೂ ಇದೆಯೇ ಎಂದು ಆಕೆ ಕೇಳಿದರು. ಯಜಮಾನರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವರ ತಾಯಿಯ ಧ್ವನಿ ಬಂತು:

“ನಿಮ್ಮಜ್ಜ ಎತ್ತಿಗೆ ಲಾಳಾ ಬಡದು ನಿಮ್ಮನ್ನೆಲ್ಲಾ ಸಾಕಿದಾಂವ. ಅದನ್ನ ಯಾಕ ಮುಚ್ಚತಿ? ನಾಲಬಂದ ಅಂತ ಬರಸು.”

ಶಿಕ್ಷಕಿ ಬರೆದುಕೊಂಡರು. ಮುಂದಿನ ಪ್ರಶ್ನೆ ಮಕ್ಕಳು ಎಷ್ಟನೆಯ ತರಗತಿಯವರೆಗೆ ಓದಿದ್ದಾರೆಂಬುದಾಗಿತ್ತು.