ಫಲಿತ ಬಲದ ನೆಲೆ: ಒಂದು ಚಾರಿತ್ರಿಕ ವಿವೇಚನೆ

ಹಲವು ಬಲಗಳನ್ನು ಕೂಡಿಸಿ ಒಂದೇ ಬಲವನ್ನು ಪಡೆಯುವುದು ಒಂದು ಕಾರ್ಯ; ಆ ಬಲವು ಎಲ್ಲಿ ವರ್ತಿಸುತ್ತದೆಂಬುದನ್ನು ನಿರ್ಧರಿಸುವುದು ಮತ್ತೊಂದು. ಸ್ಥಿತಿಶಾಸ್ತ್ರದ ವಿದ್ಯಾರ್ಥಿಗಳು ಫಲಿತ ಬಲದ ಪರಿಮಾಣವನ್ನೂ ದಿಕ್ಕನ್ನೂ ಪಡೆದೊಡನೆ ಲೆಕ್ಕ ಮುಗಿಯಿತೆಂದು ಭಾವಿಸುವುದುಂಟು. ಎರಡನೆಯ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನೂ ಅದರ ಮಹತ್ತ್ವವನ್ನೂ ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

ಸನ್ನೆಯ ಮೇಲಿನ ತೂಕಗಳು ತಮ್ಮ ಪರಿಮಾಣಕ್ಕೆ ವಿಲೋಮವಾದ ದೂರಗಳಲ್ಲಿ ಸಮತೋಲ ಹೊಂದುತ್ತವೆಂದು ಕ್ರಿ.ಪೂ. 3ನೆಯ ಶತಮಾನದಲ್ಲಿ ಆರ್ಕಿಮಿಡೀಸನು ಸಾಧಿಸಿದನು. ಬಲವನ್ನು ಅದರ ಕ್ರಿಯಾರೇಖೆಗಿರುವ ಲಂಬದೂರದಿಂದ ಗುಣಿಸಿದಾಗ ಬರುವ ಲಬ್ಧವೇ ಮೊಮೆಂಟು. ಒಂದೇ ಬಿಂದುವಿನಲ್ಲಿ ಕೂಡುವ ಬಲಗಳ ಮೊಮೆಂಟುಗಳ ಮೊತ್ತವು ಫಲಿತ ಬಲದ ಮೊಮೆಂಟಿಗೆ ಸಮವೆಂಬ ಪ್ರಮೇಯವು ಫ್ರಾನ್ಸಿನ ವಾರಿನ್ಯೋನನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅವನ ಮೊದಲ ಗ್ರಂಥ 1687ರಲ್ಲಿಯೂ, ವಿಸ್ತೃತ ಗ್ರಂಥ ಅವನು ತೀರಿಕೊಂಡ ಮೇಲೆ 1725ರಲ್ಲಿಯೂ ಪ್ರಕಟವಾದುವು. 1803ರಲ್ಲಿ ಪ್ವಾನ್ಸೋ ಬಲಯುಗ್ಮದ ಸಿದ್ಧಾಂತವನ್ನು ಮುಂದಿಟ್ಟನು: ಸಮವೂ ಸಮಾಂತರವೂ ವಿರುದ್ಧವೂ ಆದ ಎರಡು ಬಲಗಳ ಮೊತ್ತ ಸೊನ್ನೆಯಾದರೂ ತಿರುಗಿಸುವ ಶಕ್ತಿ ಉಳಿಯುತ್ತದೆ. ಆದುದರಿಂದ ಮೊತ್ತವೊಂದನ್ನೇ ಅರಿತರೆ ಸಾಲದು.

ಇದನ್ನು ಅಣೆಕಟ್ಟಿನ ನಿದರ್ಶನದಿಂದ ನೋಡೋಣ. 9 ಮೀಟರ್ ಎತ್ತರ, 6 ಮೀಟರ್ ದಪ್ಪವುಳ್ಳ ಕಲ್ಲುಗೋಡೆಯ ಒಂದು ಮೀಟರ್ ಉದ್ದವನ್ನು ತೆಗೆದುಕೊಂಡರೆ, ಘನಮೀಟರಿಗೆ 2.25 ಟನ್ನಿನಂತೆ ಅದರ ತೂಕ 121.5 ಟನ್. ನೀರು ತುದಿಯವರೆಗೆ ನಿಂತಾಗ ಅದರ ಒತ್ತು 40.5 ಟನ್, ಅದು ತಳದಿಂದ 3 ಮೀಟರ್ ಮೇಲೆ ವರ್ತಿಸುತ್ತದೆ. ಇದರ ಮೊಮೆಂಟು 121.5 ಟನ್-ಮೀಟರ್. ಇದನ್ನು ತೂಕದಿಂದ ಭಾಗಿಸಿದರೆ ಬರುವುದು 1 ಮೀಟರ್. ಎಂದರೆ ಫಲಿತ ಬಲವು ತಳದ ಮಧ್ಯದಿಂದ 1 ಮೀಟರ್ ಆಚೆಗೆ, ನೀರಿಲ್ಲದ ಪಕ್ಕಕ್ಕೆ, ಸರಿಯುತ್ತದೆ. ತಳವನ್ನು ಮೂರು ಸಮಭಾಗ ಮಾಡಿದರೆ ಈ ಬಿಂದು ನಡುಭಾಗದ ಅಂಚಿನಲ್ಲಿಯೇ ಬೀಳುತ್ತದೆ. ಅಲ್ಲಿ ನೀರಿನ ಕಡೆಯ ಅಂಚಿನ ಮೇಲೆ ಒತ್ತಡ ಸೊನ್ನೆ. ಇನ್ನೂ ಸರಿದರೆ ಆ ಕಡೆಯ ಕಲ್ಲುಗಾರೆ ಎಳೆತಕ್ಕೆ ಸಿಕ್ಕಿ ಬಿರಿಯಬಹುದು. ಬಿರುಕನ್ನು ಹೊಕ್ಕ ನೀರು ಗೋಡೆಯನ್ನು ಮೇಲಕ್ಕೆತ್ತಿ, ಫಲಿತ ಬಲವನ್ನು ಮತ್ತಷ್ಟು ಆಚೆಗೆ ತಳ್ಳುತ್ತದೆ.

ಇದು ಬರಿಯ ಊಹೆಯಲ್ಲ. ಫ್ರಾನ್ಸಿನ ಎಪಿನಾಲ್ ಸಮೀಪದ ಬೂಝೇ ಅಣೆಕಟ್ಟಿನ ಲೆಕ್ಕದಲ್ಲಿ ನೀರಿನ ಈ ಮೇಲ್ಮುಖ ಒತ್ತಡವನ್ನು ಸೇರಿಸಿರಲಿಲ್ಲ. 1884ರಲ್ಲಿ ಗೋಡೆಯ ಒಂದು ಭಾಗ ಸರಿಯಿತು. ಅದನ್ನು ದುರಸ್ತಿ ಮಾಡಿ ಮತ್ತೆ ನೀರು ತುಂಬಿದರು. 1895ರ ಏಪ್ರಿಲ್ 27ರಂದು ಕಟ್ಟೆಯೊಡೆದು 80ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅದೇ ವರ್ಷ ಮೋರಿಸ್ ಲೆವಿ ಮೇಲ್ಮುಖ ಒತ್ತಡವನ್ನು ಗಣನೆಗೆ ತರುವ ನಿಯಮವನ್ನು ಸೂಚಿಸಿದನು.

ವಾರಿನ್ಯೋನನ ಪ್ರಮೇಯದಲ್ಲಿ ಯಾವ ದೋಷವೂ ಇರಲಿಲ್ಲ. ಲೆಕ್ಕಕ್ಕೆ ಬರಬೇಕಾದ ಒಂದು ಬಲ ಹೊರಗುಳಿದಿತ್ತು. ಫಲಿತ ಬಲದ ನೆಲೆಯನ್ನು ಹುಡುಕುವ ಮುನ್ನ ಎಲ್ಲ ಬಲಗಳನ್ನೂ ಎಣಿಸಿದೆವೆ ಎಂದು ಕೇಳಿಕೊಳ್ಳುವುದನ್ನು ನಾವು ತರಗತಿಯಲ್ಲಿಯೇ ರೂಢಿಸಬೇಕಾಗಿದೆ.