ನೀಲಗಿರಿಯ ನೆರೆಹೊರೆ

ನೀಲಗಿರಿಯನ್ನು ಹೆಸರಿಸುವ ಹಳೆಯ ದಾಖಲೆಗಳಲ್ಲಿ ಚಾಮರಾಜನಗರದ 1117ರ ಶಾಸನವೂ ಒಂದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ತೋಡರನ್ನು ಬೆದರಿಸಿದನೆಂದು ಅದು ಕೊಂಡಾಡುತ್ತದೆ. ಕನ್ನಡ ನಾಡಿನ ಶಾಸನವೆಂಬ ಅಭಿಮಾನವಿದ್ದರೂ ಆ ಹೊಗಳಿಕೆಯನ್ನು ನಾವು ಒಪ್ಪಲಾರೆವು.

ನಮ್ಮ ಬೆಟ್ಟದ ಬಾಳು ಸಾಗಿದುದು ಬೇರೆ ಬಗೆಯಲ್ಲಿ. ಬಡಗಣ ಮೈಸೂರು ಸೀಮೆಯಿಂದ ಘಟ್ಟವೇರಿ ಬಂದು ಬಡಗರೆನಿಸಿಕೊಂಡವರು ರಾಗಿ, ಸಾಮೆ ಬೆಳೆದರು. ಆ ಧಾನ್ಯಕ್ಕೆ ಪ್ರತಿಯಾಗಿ ತೋಡರ ಎಮ್ಮೆಯ ತುಪ್ಪ, ಕೋತರ ಕುಲುಮೆಯ ಕುಡುಗೋಲು, ಅವರದೇ ಮಡಕೆ, ಕುರುಂಬರ ಜೇನು ಮನೆಗೆ ಬಂದವು. ಬಡಗರ ಸಾವಿನ ಮನೆಯಲ್ಲಿ ಕೋತರ ವಾದ್ಯ ನುಡಿಯುತ್ತಿತ್ತು. ಮೇಲುಕೀಳು, ಕುರುಂಬರ ಮಾಟದ ಅಂಜಿಕೆ ಇರಲಿಲ್ಲವೆಂದಲ್ಲ. ಆದರೂ ಒಬ್ಬರನ್ನು ಬಿಟ್ಟು ಒಬ್ಬರ ಒಲೆ ಉರಿಯದು. ಸಂತೆಯೂ ಚಹಾ ತೋಟವೂ ಬಂದ ಮೇಲೆ ಈ ಕೊಡುಕೊಳ್ಳುವಿಕೆ ಸಡಿಲಿತು.

2,637 ಮೀಟರ್ ಎತ್ತರದ ದೊಡ್ಡಬೆಟ್ಟವನ್ನೇರುವ ಅತಿಥಿಗಳಿಗೆ ಆ ಹೆಸರು ಕನ್ನಡವೆಂದು ನಾವು ಹೇಳುತ್ತೇವೆ. ಕೋತರ ಕುಲುಮೆಯ ಮಾತನ್ನೂ ಕೂಡಿಸಿಯೇ ಹೇಳುತ್ತೇವೆ.